‘ಕ್ವಾಂಟಮ್’ ಯಂತ್ರ ರೋಗ ಹೇಳುತ್ತದೆಯೇ? ಅಣುಗಳ ಡಿಕ್ಕಿಯಲ್ಲಿದೆ ಉತ್ತರ

‘ಕೈಯಲ್ಲಿ ಕಡ್ಡಿ ಹಿಡಿದರೆ ಸಾಕು, ಕ್ವಾಂಟಮ್ ರೆಸೊನೆನ್ಸ್ ಯಂತ್ರ ಒಂದೇ ನಿಮಿಷದಲ್ಲಿ ಎಲ್ಲ ರೋಗ ಹೇಳುತ್ತದೆ.’ ಇಂಥ ಫಾರ್ವರ್ಡ್ ಆಳಂದ, ಅಫಜಲಪುರ, ಜೇವರ್ಗಿಯ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬರಬಹುದು. ಕ್ವಾಂಟಮ್ ವಿಜ್ಞಾನ ಸುಳ್ಳಲ್ಲ. ರೆಸೊನೆನ್ಸ್ ಕೂಡ ನಿಜ. ಸುಳ್ಳಾಗಿರುವುದು ಈ ಯಂತ್ರದ ಕಥೆ.

ನಿಜವಾದ ರೆಸೊನೆನ್ಸ್ ಯಾವುದು?

ಫ್ಲೋರಿನ್ ಪರಮಾಣು ಹೈಡ್ರೋಜನ್ ಅಣುವಿಗೆ ಡಿಕ್ಕಿ ಹೊಡೆದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ. ಅದು ಯಾವ ದಿಕ್ಕಿಗೆ ಚದುರಿತು ಎಂದು ನೋಡಿ ಡಿಕ್ಕಿ ಹೇಗಾಯಿತು ಎಂದು ವಿಜ್ಞಾನಿಗಳು ತಿಳಿಯುತ್ತಾರೆ. ಕೇರಂ ಕಾಯಿ ಓಡಿದ ದಿಕ್ಕು ನೋಡಿ ಹೊಡೆತ ಊಹಿಸಿದ ಹಾಗೆ.

ಆದರೆ ಪರಮಾಣುಗಳು ಅಲೆಗಳಂತೆಯೂ ವರ್ತಿಸುತ್ತವೆ. ಭೀಮಾ ನದಿಯ ನಿಂತ ನೀರಿಗೆ ಎರಡು ಕಲ್ಲು ಎಸೆದರೆ ಅಲೆಗಳು ಕೂಡಿ ಒಂದೆಡೆ ಏಳುತ್ತವೆ, ಇನ್ನೊಂದೆಡೆ ಅಡಗುತ್ತವೆ. ಅಣುಗಳೂ ಹಾಗೆಯೇ ಕೆಲವು ದಿಕ್ಕಿಗೆ ಹೆಚ್ಚು, ಕೆಲವು ದಿಕ್ಕಿಗೆ ಕಡಿಮೆ ಚದುರುತ್ತವೆ. ಡಿಕ್ಕಿಯಾದ ಕಣಗಳು ಕ್ಷಣಕಾಲ ಅಂಟಿಕೊಂಡು ಬಿಡುವುದೇ ಇಲ್ಲಿ ರೆಸೊನೆನ್ಸ್.

ಅದನ್ನು ಹಿಡಿಯುವುದು ಎಷ್ಟು ಕಷ್ಟ?

ಅಮೆರಿಕದಲ್ಲಿ ಯುವಾನ್ ಲೀ ಅವರ ತಂಡಕ್ಕೆ 1985ರಲ್ಲಿ ಇದರ ಸುಳಿವು ಸಿಕ್ಕಿತು. ಅಣುಗಳ ಡಿಕ್ಕಿಯ ಅಧ್ಯಯನಕ್ಕೆ 1986ರಲ್ಲಿ ಲೀ, ಹರ್ಷ್‌ಬಾಕ್, ಪೊಲಾನಿ ಅವರಿಗೆ ನೊಬೆಲ್ ಬಂತು. ಆದರೂ ಸ್ಪಷ್ಟ ಪುರಾವೆ ಸಿಕ್ಕಿದ್ದು 2006ರಲ್ಲಿ, ಚೀನಾದ ದಾಲಿಯನ್‌ನಲ್ಲಿ. ಗಾಳಿ ತೆಗೆದ ಪೆಟ್ಟಿಗೆಯೊಳಗೆ, ವೇಗ ಅಳೆದು ಬಿಟ್ಟ ಅಣುಗಳು ಒಂದೇ ಸಲ ಡಿಕ್ಕಿಯಾಗುವಂತೆ ಮಾಡಿದರೆ ಮಾತ್ರ ಇದು ಕಾಣುತ್ತದೆ.

ನಮ್ಮ ದೇಹದಲ್ಲೂ ಕ್ವಾಂಟಮ್ ನಿಯಮವೇ ನಡೆಯುತ್ತದೆ. ಆದರೆ ಅಲ್ಲಿ ಒಂದೊಂದು ಅಣುವೂ ಸೆಕೆಂಡಿಗೆ ಲಕ್ಷ ಕೋಟಿ ಸಲದಷ್ಟು ಅಕ್ಕಪಕ್ಕದ ಅಣುಗಳಿಗೆ ತಾಗುತ್ತಿರುತ್ತದೆ. ಆ ಗದ್ದಲದಲ್ಲಿ ಇಂಥ ಸೂಕ್ಷ್ಮ ಗುರುತು ಅಳಿಸಿಹೋಗುತ್ತದೆ. ಅಂಗೈಗೆ ಕೊಟ್ಟ ಕಡ್ಡಿ ಅದನ್ನು ಓದಲಾರದು.

ನಂಬಿದರೆ ನಷ್ಟವೇನು?

ಹಣವಷ್ಟೇ ಅಲ್ಲ. 5ಜಿಯಿಂದ ರಕ್ಷಣೆ ಎಂದು ಮಾರುತ್ತಿದ್ದ ಕೊರಳ ಪದಕ, ಕೈಪಟ್ಟಿ ಸೇರಿ 10 ವಸ್ತುಗಳು ತಾವೇ ಹಾನಿಕರ ವಿಕಿರಣ ಸೂಸುತ್ತಿವೆ ಎಂದು ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ ಎಚ್ಚರಿಸಿತ್ತು. ಅದಕ್ಕಿಂತ ದೊಡ್ಡ ಅಪಾಯ, ‘ಯಂತ್ರದಲ್ಲಿ ಎಲ್ಲ ಸರಿ ಬಂದಿದೆ’ ಎಂದು ಶುಗರ್, ಬಿಪಿ ಮಾತ್ರೆ ಬಿಡುವುದು. ಮನೆಯಲ್ಲಿ ಶುಗರ್ ನೋಡುವ ಪುಟ್ಟ ಯಂತ್ರಕ್ಕೂ ಒಂದು ಹನಿ ರಕ್ತ ಬೇಕು, ಪಟ್ಟಿಯ ಮೇಲೆ ರಾಸಾಯನಿಕ ಕ್ರಿಯೆ ನಡೆಯಬೇಕು.

ಅನುಮಾನವಿದ್ದರೆ ಊರಿನ ವಿಜ್ಞಾನ ಶಿಕ್ಷಕರನ್ನು ಕೇಳಿ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಲ್ಲಿ ಓದುವವರನ್ನು ವಿಚಾರಿಸಿ. ಮಾತ್ರೆ ಬಿಡುವ ಮುನ್ನ ಡಾಕ್ಟರನ್ನು ಕೇಳಿ. ಉತ್ತರ ಸಿಗುವವರೆಗೆ ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ.