ಕೊರಳಿನ ಗಂಟು

ಕಳೆದ ಆರು ವಾರಗಳಿಂದ ನನ್ನ ಎಡಗೈಯ ಎರಡು ಬೆರಳುಗಳು ನನ್ನ ಅಂಕೆಯಲ್ಲಿಲ್ಲ. ತರಗತಿಯಲ್ಲಿ ಬಲಗೈ ಕಪ್ಪುಹಲಗೆಯ ಮೇಲೆ ಪಂಪನ ಪದ್ಯವನ್ನು ಬಿಡಿಸಿ ಬರೆಯುತ್ತಿದ್ದರೆ, ಎಡಗೈ ತನ್ನ ಪಾಡಿಗೆ ತಾನು ಕೊರಳಿಗೆ ಏರಿರುತ್ತದೆ. ಊಟದ ಎಲೆಯ ಮುಂದೆಯೂ ಅಷ್ಟೇ, ಬಸ್ಸಿನಲ್ಲಿಯೂ ಅಷ್ಟೇ. ಆ ಬೆರಳುಗಳು ಅಲ್ಲಿ ಹುಡುಕುವುದು ಎರಡು ಗಂಟುಗಳನ್ನು. ಒಂದು ಹಸಿ ಅವರೆಕಾಳಿನಷ್ಟು. ಇನ್ನೊಂದು ಮಕ್ಕಳು ಆಡುವ ಗೋಲಿಯಷ್ಟು.

ಕ್ಷೌರ ಮಾಡಿಕೊಳ್ಳುವಾಗ ಮೊದಲ ಬಾರಿಗೆ ಅವು ಕೈಗೆ ಸಿಕ್ಕಿದವು. ನೋವಿರಲಿಲ್ಲ. ನೋವಿಲ್ಲವೆಂದು ಸಮಾಧಾನಪಟ್ಟೆ. ಆ ರಾತ್ರಿ ಮೊಬೈಲಿನಲ್ಲಿ ಹುಡುಕಿ ನೋಡಿದಾಗ, ನೋವಿಲ್ಲದಿರುವುದೇ ಕೆಲವೊಮ್ಮೆ ಚಿಂತೆಗೆ ಕಾರಣವೆಂದು ತಿಳಿಯಿತು. ಇಂಥ ಬರಹಗಳಲ್ಲಿ ಕಾರಣಗಳ ಪಟ್ಟಿ ನೆಗಡಿ, ಗಂಟಲುನೋವು, ಹಲ್ಲಿನ ಹುಳುಕುಗಳಿಂದ ಆರಂಭವಾಗಿ ಕೊನೆಗೆ ಕ್ಯಾನ್ಸರಿಗೆ ಬಂದು ನಿಲ್ಲುತ್ತದೆ. ಆದರೆ ರಾತ್ರಿ ಒಂದು ಗಂಟೆಯ ವೇಳೆಯಲ್ಲಿ ಓದುವವನಿಗೆ ಪಟ್ಟಿಯ ಮೊದಲ ಸಾಲುಗಳು ಕಣ್ಣಿಗೇ ಬೀಳುವುದಿಲ್ಲ.

ಭಯವಾದಾಗಲೂ ಶಬ್ದದ ಬೆನ್ನುಹತ್ತುವುದು ಕನ್ನಡದ ಪಾಠ ಹೇಳುವವರ ದುರಭ್ಯಾಸ. ಪಠ್ಯಪುಸ್ತಕಗಳು ಇದನ್ನು ದುಗ್ಧರಸ ಗ್ರಂಥಿಯೆನ್ನುತ್ತವೆ. ನಮ್ಮ ಹಿರಿಯರ ಬಾಯಲ್ಲಿದ್ದ ಮಾತು ಗಂಡಮಾಲೆ. ಕೊರಳ ಸುತ್ತ ಸಾಲಾಗಿ ಏಳುವ ಗಂಟುಗಳಿಗೆ ಎಂಥ ಹೆಸರು! ಸುಶ್ರುತಸಂಹಿತೆಯಲ್ಲಿ ದವಡೆ, ಕೊರಳು, ಕಂಕುಳುಗಳಲ್ಲಿ ನೆಲ್ಲಿಯ ಬೀಜದ ಗಾತ್ರಕ್ಕೆ ಏಳುವ ಗಂಟುಗಳ ವರ್ಣನೆಯಿದೆ. ಅಲ್ಲಿ ಅದಕ್ಕೆ ಅಪಚಿಯೆಂದು ಹೆಸರು. ಇಂಗ್ಲೆಂಡಿನಲ್ಲಿ ಇದೇ ಬಗೆಯ ರೋಗಕ್ಕೆ ರಾಜರ ಸ್ಪರ್ಶವೇ ಮದ್ದೆಂಬ ನಂಬಿಕೆಯಿತ್ತು. ಮುಂದೆ ನಿಘಂಟುಕಾರನೆಂದು ಖ್ಯಾತನಾದ ಸ್ಯಾಮುಯೆಲ್ ಜಾನ್ಸನ್ನನನ್ನು ಹಸುಗೂಸಾಗಿದ್ದಾಗ, 1712ರಲ್ಲಿ, ರಾಣಿ ಆನ್‌ಳ ಬಳಿಗೆ ಕರೆದೊಯ್ದಿದ್ದರು. ರಾಣಿ ಮುಟ್ಟಿದಳು, ಚಿನ್ನದ ಪದಕವನ್ನು ಕೊಟ್ಟಳು, ರೋಗ ವಾಸಿಯಾಗಲಿಲ್ಲ. ಆದರೂ ಆ ಪದಕವನ್ನು ಆತ ಬದುಕಿರುವ ತನಕ ಕೊರಳಲ್ಲಿ ಧರಿಸಿದ್ದನಂತೆ. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿಕೊಟ್ಟದ್ದು 1882ರಲ್ಲಿ. ಅಂಥ ಗಂಟುಗಳ ಹಿಂದೆ ಬಹುವೇಳೆ ಇದ್ದದ್ದು ಅದೇ.

ಇಷ್ಟೆಲ್ಲ ಓದಿದರೂ ವೈದ್ಯರ ಬಳಿಗೆ ಹೋಗಲು ಹನ್ನೆರಡು ದಿನ ತಡಮಾಡಿದೆನೆಂದು ಒಪ್ಪಿಕೊಳ್ಳಬೇಕು. ಮನೆಯಲ್ಲಿ ಹೇಳಲೂ ಇಲ್ಲ. ಆಷಾಢದ ಗಾಳಿಯೆಂಬ ನೆಪದಿಂದ ಅಂಗಿಯ ಮೇಲುಗುಂಡಿಯನ್ನು ಹಾಕಿಕೊಂಡು, ಹೆಂಡತಿಯ ಮನಶ್ಶಾಂತಿಯನ್ನು ಕಾಪಾಡುತ್ತಿರುವ ಧೀರನೆಂದು ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ.

ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಆಕೆ ಪಾತ್ರೆಗಳನ್ನು ಒರೆಸಿಡುತ್ತ, ನನ್ನ ಕಡೆ ನೋಡದೆಯೇ ಹೇಳಿದಳು: "ಇವತ್ತು ಊಟ ಮುಗಿಯೋದರೊಳಗೆ ಒಂಬತ್ತು ಸಲ ಕತ್ತು ಮುಟ್ಟಿಕೊಂಡಿರಿ. ನಿನ್ನೆ ಆರು."

ನಾನು ತಬ್ಬಿಬ್ಬಾದೆ. "ಗೊತ್ತಿದ್ದರೆ ಕೇಳಬಾರದಾಗಿತ್ತೆ?" ಎಂದೆ.

"ಕೇಳಿದರೆ ನೀವು ಹೆದರಿಕೊಳ್ಳುತ್ತೀರಿ ಅಂತ ಸುಮ್ಮನಿದ್ದೆ."

ಹನ್ನೆರಡು ದಿನ ಒಂದೇ ಸೂರಿನ ಕೆಳಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೆವು; ಇಬ್ಬರಿಗೂ ನಿದ್ರೆಯಿರಲಿಲ್ಲ. ಮರುದಿನ ಬೆಳಿಗ್ಗೆಯೇ ವೈದ್ಯರನ್ನು ಕಂಡೆವು.

ಅವರು ಹಲ್ಲು, ಗಂಟಲು, ತಲೆಯ ಚರ್ಮ, ಕಂಕುಳು, ಹೊಟ್ಟೆ ಎಲ್ಲವನ್ನೂ ಪರೀಕ್ಷಿಸಿದರು. ದೇಹದಲ್ಲಿ ಇಂಥ ಗ್ರಂಥಿಗಳು ಸುಮಾರು 600 ಇವೆ. ದುಗ್ಧರಸವು ಅವುಗಳ ಮೂಲಕ ಹಾದು ಶೋಧಿಸಲ್ಪಡುತ್ತದೆ. ಹಳೆಯ ಊರುಗಳ ಸುಂಕದಕಟ್ಟೆಗಳಂತೆ ಎನ್ನೋಣ: ಕಳ್ಳಮಾಲು ಬಂದ ಕಡೆ ಜನ ಗುಂಪುಗೂಡುವುದು ಸಹಜ. ಬಹುಪಾಲು ಊತಗಳು ಎರಡು ಮೂರು ವಾರಗಳಲ್ಲಿ ತಾವಾಗಿ ಇಳಿಯುತ್ತವೆಯಂತೆ. ನನ್ನವು ಇಳಿಯಲಿಲ್ಲ. ಸೂಜಿಯಿಂದ ತೆಗೆದ ಜೀವಕೋಶಗಳು ನಿರ್ಣಯಕ್ಕೆ ಸಾಲದಾದವು. ಕಡೆಗೆ ಕಳೆದ ಗುರುವಾರ, ಆ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಗೋಲಿಯನ್ನು ಇಡಿಯಾಗಿ ಹೊರತೆಗೆದರು.

ಈಗಿನದು ವರದಿಗಾಗಿ ಕಾಯುವ ಕಾಲ. ಇಷ್ಟು ದಿನವೇಕೆಂದು ಮೊದಲು ಸಿಟ್ಟು ಬಂದಿತ್ತು. ಪ್ರಯೋಗಾಲಯದ ತರುಣನೊಬ್ಬ ವಿವರಿಸಿದ ಮೇಲೆ ಇಳಿಯಿತು. ಗಂಟಿನ ಒಂದು ತುಣುಕನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮದ್ಯಸಾರದಿಂದ ಅದರ ನೀರನ್ನು ಹೀರಿ ತೆಗೆದು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದ ಕೆಲವೇ ಅಂಶಗಳಷ್ಟು ತೆಳುವಾದ ಪದರಗಳನ್ನಾಗಿ ಕೊಯ್ದು, ನೀಲಿ ಮತ್ತು ಗುಲಾಬಿ ಬಣ್ಣಗಳನ್ನು ಹಾಕಬೇಕು. ಸಂದೇಹವಿದ್ದರೆ ಬೇರೆ ಬಣ್ಣಗಳೂ ಬೇಕು. ಇನ್ನೊಂದು ತುಣುಕು ಫಾರ್ಮಲಿನ್ನಿಗೆ ಹೋಗದೆ ಉಪ್ಪುನೀರಿನಲ್ಲಿ ಕ್ಷಯದ ಪರೀಕ್ಷೆಗೆ ಹೋಗುತ್ತದೆ. ಆ ಕ್ರಿಮಿಯನ್ನು ಬೆಳೆಸಿ ನೋಡುವುದಕ್ಕೆ ಆರು ವಾರಗಳಾದರೂ ಆಗಬಹುದು. ನನ್ನ ಮೇಜಿನ ಮೇಲೆಯೇ ಕಳೆದ ತಿಂಗಳ ಉತ್ತರಪತ್ರಿಕೆಗಳ ಕಟ್ಟು ಬಿದ್ದಿರುವಾಗ ನಾನು ಯಾರನ್ನು ದೂರಲಿ?

ಹೆದರಿಕೆಯ ಉತ್ತರಗಳನ್ನೂ ಕೇಳಿ ತಿಳಿದುಕೊಂಡೆವು. ಗ್ರಂಥಿಯ ಕ್ಷಯವಾದರೆ ಸಾಮಾನ್ಯವಾಗಿ 6 ತಿಂಗಳ ಔಷಧ. ಸರ್ಕಾರ ಉಚಿತವಾಗಿ ಕೊಡುತ್ತದೆ. ಶ್ವಾಸಕೋಶಕ್ಕೆ ತಾಗಿರದಿದ್ದರೆ ಮನೆಯ ಮಕ್ಕಳಿಗೆ ಅಂಟುವ ಭಯವೂ ಇಲ್ಲ. ಗ್ರಂಥಿಯ ಕ್ಯಾನ್ಸರಿನಲ್ಲಿಯೂ ಹಲವು ಬಗೆ. 1832ರಲ್ಲಿ ಥಾಮಸ್ ಹಾಡ್ಜ್‌ಕಿನ್ ವರ್ಣಿಸಿದ ಬಗೆಯಲ್ಲಿ ಇಂದು ಬಹುಮಂದಿ ಗುಣಹೊಂದುತ್ತಾರೆ. ಹೀಗೆ ಕೇಳಿದ ಮೇಲೆ ಭಯ ಹೋಯಿತೆಂದು ಹೇಳಲಾರೆ. ಅದಕ್ಕೊಂದು ಮುಖ ಬಂದಿತು. ಕತ್ತಲಲ್ಲಿ ನಿಂತಿದ್ದವನು ದೀಪದ ಬಳಿಗೆ ಬಂದಂತಾಯಿತು.

ನೆಂಟರ ಸಲಹೆಗಳ ವಿಷಯವನ್ನು ವಿಸ್ತರಿಸುವುದಿಲ್ಲ. ಚಿಕ್ಕಮ್ಮ ಹೇಳಿಕಳುಹಿಸಿದ ಲೇಪ ಕಪಾಟಿನಲ್ಲಿದೆ. ಪರಿಚಿತರೊಬ್ಬರು ತಾವು ನುಂಗಿ ಗುಣ ಕಂಡ ಊತದ ಮಾತ್ರೆಗಳನ್ನೇ ತಂದುಕೊಟ್ಟರು. ಅವು ಸ್ಟೆರಾಯ್ಡ್ ಎಂದು ತಿಳಿದಾಗ ವೈದ್ಯರು ಬೆಚ್ಚಿದರು: ಗಂಟು ಕುಗ್ಗಬಹುದು, ರೋಗವೂ ಮುಸುಕು ಹಾಕಿಕೊಳ್ಳಬಹುದು, ಆಮೇಲೆ ತುಣುಕಿನಲ್ಲಿ ನಿಜ ಕಾಣದೆ ಹೋಗಬಹುದು.

ಬೆರಳುಗಳಿಗೆ ಮಾತ್ರ ನನ್ನಾಕೆ ಶಾಸನ ಹೊರಡಿಸಿದ್ದಾಳೆ. ಉಳಿದಿರುವ ಅವರೆಕಾಳನ್ನು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಆಕೆಯೇ ಮುಟ್ಟಿ ನೋಡತಕ್ಕದ್ದು; ಉಳಿದ ದಿನ ನಾನು ಮುಟ್ಟಕೂಡದು. ಪದೇ ಪದೇ ಒತ್ತಿದರೆ ಅದು ನೋಯುತ್ತದೆ, ನೋವಾದರೆ ಹೊಸ ಭಯ ಹುಟ್ಟುತ್ತದೆಯೆಂದು ವೈದ್ಯರೂ ಆಕೆಯ ಪಕ್ಷವನ್ನೇ ವಹಿಸಿದರು. ಹಾಲಿನ ಲೆಕ್ಕದ ಪುಸ್ತಕದಲ್ಲಿ ಲೀಟರುಗಳ ಪಕ್ಕದಲ್ಲಿ ಈಗ ನನ್ನ ಸಂಜೆಯ ಜ್ವರ, ವಾರದ ತೂಕ, ರಾತ್ರಿ ಬೆವರಿದೆನೋ ಇಲ್ಲವೋ ಎಂಬುದೂ ದಾಖಲಾಗುತ್ತಿವೆ. ಎರಡು ಕಿಲೋ ಇಳಿದಿದ್ದೇನೆ. ಅದು ರೋಗದ್ದೋ ಚಿಂತೆಯದ್ದೋ ಆ ಪುಸ್ತಕ ಹೇಳಲಾರದು.

ಈ ಬರಹವನ್ನು ಶನಿವಾರವೇ ಸಂಪಾದಕರಿಗೆ ಒಪ್ಪಿಸಬೇಕು. ವರದಿ ಬರುವುದು ಸೋಮವಾರ. ಫಲವೇನೇ ಇರಲಿ, ಮುಂದೊಂದು ವಾರ ಇದೇ ಪುಟದಲ್ಲಿ ತಿಳಿಸುತ್ತೇನೆ. ಸೋಮವಾರದ ಮೊದಲ ಪಾಠವನ್ನು ಸಹೋದ್ಯೋಗಿಯೊಬ್ಬರಿಗೆ ವಹಿಸಿದ್ದೇನೆ. ನಾನೊಬ್ಬನೇ ಹೋಗಿಬರುತ್ತೇನೆ ಎಂದದ್ದಕ್ಕೆ ಆಕೆ ಉತ್ತರ ಕೊಡಲಿಲ್ಲ. ಹಾಲಿನ ಪುಸ್ತಕವನ್ನು ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು.