ಲಂಡನ್ ಫ್ಲ್ಯಾಟಿಗೆ ಎಷ್ಟು ವರ್ಷ ಬಾಕಿ?

ಗಲ್ಫ್ ಬಿಟ್ಟು ಇಂಗ್ಲೆಂಡ್ ಕಡೆ ಹೋಗುವ ಮಕ್ಕಳು ಈಗ ನಮ್ಮಲ್ಲೂ ಇದ್ದಾರೆ. ಕೆಲಸ ಸ್ವಲ್ಪ ಭದ್ರವಾದರೆ ಅಲ್ಲೇ ಒಂದು ಫ್ಲ್ಯಾಟ್ ತೆಗೆಯುವ ಯೋಚನೆ. ಇಲ್ಲಿ ಉಪ್ಪ ತುಂಡು ಜಾಗ ಮಾರಿಯೋ, ಉಮ್ಮ ಚಿನ್ನ ಕೊಟ್ಟೋ ಮುಂಗಡಕ್ಕೆ ನೆರವಾಗುವುದೂ ಉಂಟು. ಬೆಲೆ ಎಷ್ಟು, ಕೋಣೆ ಎಷ್ಟು ಅಂತ ನಾವು ಕೇಳುತ್ತೇವೆ. ಎಷ್ಟು ವರ್ಷ ಉಳಿದಿದೆ ಅಂತ ಕೇಳುವುದಿಲ್ಲ.

ಕೇಳಲೇಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೆಚ್ಚಿನ ಫ್ಲ್ಯಾಟ್‌ಗಳು ಲೀಸ್‌ಹೋಲ್ಡ್. ಕಟ್ಟಡ, ಜಾಗ ಬೇರೆಯವರದ್ದು; ನಾವು ಕೊಳ್ಳುವುದು 99 ಅಥವಾ 125 ವರ್ಷದಂಥ ಒಂದು ಅವಧಿ ಮಾತ್ರ. ನಮ್ಮ ಜಿಲ್ಲೆಯವರಿಗೆ ಮೂಲಗೇಣಿ ಗೊತ್ತು. ಅದು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ. ಅಲ್ಲಿನ ಲೀಸಿಗೆ ಕೊನೆಯ ದಿನ ಬರೆದಿರುತ್ತದೆ. ಅವಧಿ ಕರಗಿದಂತೆ ಫ್ಲ್ಯಾಟಿನ ಬೆಲೆಯೂ ಕರಗುತ್ತದೆ, ಬ್ಯಾಂಕ್‌ಗಳು ಸಾಲ ಕೊಡಲು ಹಿಂದೇಟು ಹಾಕುತ್ತವೆ.

ನೆನಪಿಡಬೇಕಾದ ಸಂಖ್ಯೆ 80. 1993ರ ಕಾಯ್ದೆಯ ಪ್ರಕಾರ ಫ್ಲ್ಯಾಟಿನವರು ಹಣ ಕೊಟ್ಟು ಇನ್ನೂ 90 ವರ್ಷ ಸೇರಿಸಿಕೊಳ್ಳಬಹುದು, ಜಾಗದ ಧನಿ ಬೇಡ ಅನ್ನುವಂತಿಲ್ಲ. ವರ್ಷದ ನೆಲಬಾಡಿಗೆಯೂ ಆಮೇಲೆ ಇಲ್ಲ. ಆದರೆ ಬಾಕಿ ಅವಧಿ 80 ವರ್ಷಕ್ಕಿಂತ ಕೆಳಗೆ ಹೋದರೆ 'ಮ್ಯಾರೇಜ್ ವ್ಯಾಲ್ಯೂ' ಎಂಬ ಲೆಕ್ಕ ಒಳಗೆ ಬರುತ್ತದೆ. ಹೆಸರು ಮದುವೆಯದ್ದು, ಕೆಲಸ ಪಾಲು ಮಾಡುವುದು: ಲೀಸ್ ಉದ್ದವಾದದ್ದರಿಂದ ಹುಟ್ಟುವ ಹೆಚ್ಚುವರಿ ಮೌಲ್ಯದಲ್ಲಿ ಅರ್ಧ ಧನಿಗೆ. 2006ರಲ್ಲಿ 99 ವರ್ಷಕ್ಕೆ ಬರೆದ ಲೀಸಿಗೆ 2026ರಲ್ಲಿ 79 ವರ್ಷ ಬಾಕಿ. ಅಂದರೆ ಗೆರೆ ದಾಟಿ ಆಯಿತು.

ಈಗ ಎಲ್ಲರ ಬಾಯಲ್ಲಿರುವುದು 2024ರ ಮೇ ತಿಂಗಳಲ್ಲಿ ಅಂಗೀಕಾರವಾದ ಹೊಸ ಕಾಯ್ದೆ. 90ರ ಬದಲು 990 ವರ್ಷ, ಮ್ಯಾರೇಜ್ ವ್ಯಾಲ್ಯೂ ರದ್ದು. ಧನಿಗಳ ಕಡೆಯವರು ಹೈಕೋರ್ಟಿಗೆ ಹೋದರು, 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಸೋತರು. ಹಾಗಾದರೆ ಕಾಯೋಣ ಅಂತ ಎಷ್ಟೋ ಮಂದಿ ಕೂತಿದ್ದಾರೆ. ನಾವು ಎಚ್ಚರಿಸುವುದು ಇಲ್ಲೇ. ಕೊಂಡ ಮೇಲೆ ಎರಡು ವರ್ಷ ಕಾಯಬೇಕೆಂಬ ನಿಯಮ 2025ರ ಜನವರಿ 31ರಂದು ಹೋಯಿತು, ನಿಜ. ಆದರೆ ಬೆಲೆ ಇಳಿಸುವ ಮುಖ್ಯ ಭಾಗ ನಾವು ಇದನ್ನು ಬರೆಯುವ ಹೊತ್ತಿಗೆ ಜಾರಿಯಾಗಿಲ್ಲ. ಮೂಲಗೇಣಿದಾರರಿಗೆ ಒಡೆತನ ಕೊಡುವ ನಮ್ಮ 2011ರ ಕಾಯ್ದೆ ಕೋರ್ಟ್ ಮೆಟ್ಟಿಲು ಹತ್ತಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯ್ದೆ ಪಾಸಾಯಿತು ಅಂದ ಕೂಡಲೇ ಹಕ್ಕು ಕೈಗೆ ಬರುವುದಿಲ್ಲ.

ಹಾಗಾದರೆ ಏನು ಮಾಡುವುದು? 95, 100 ವರ್ಷ ಬಾಕಿ ಇರುವವರಿಗೆ ಆತುರವಿಲ್ಲ, ಕಾಯಬಹುದು. 81, 82ರಲ್ಲಿ ಇರುವವರು ಕೂತರೆ ಕೆಟ್ಟರು. ಇವರು ಬೆಲೆ ಕಟ್ಟುವ ಸರ್ವೇಯರನ್ನು, ಈ ಕೆಲಸ ಬಲ್ಲ ವಕೀಲರನ್ನು ಹಿಡಿದು ಧನಿಗೆ ಕಾನೂನು ಪ್ರಕಾರ ನೋಟಿಸ್ ಕೊಡಬೇಕು. ಬೆಲೆಯ ಲೆಕ್ಕ ನೋಟಿಸ್ ಕೊಟ್ಟ ದಿನಕ್ಕೆ ನಿಲ್ಲುತ್ತದೆ. ಆಮೇಲೆ ಮಾತುಕತೆ ಎಳೆದರೂ 80ರ ಪೆಟ್ಟು ಬೀಳುವುದಿಲ್ಲ. ದರ ಕುದುರದಿದ್ದರೆ ಟ್ರಿಬ್ಯೂನಲ್ ಇದೆ. ಧನಿಯ ನ್ಯಾಯವಾದ ವಕೀಲ, ಸರ್ವೇಯರ್ ಖರ್ಚನ್ನೂ ಸದ್ಯ ನಾವೇ ಕೊಡಬೇಕು, ಅದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಈಗಾಗಲೇ 80ರ ಕೆಳಗಿದ್ದರೆ ಕಾಯಬೇಕೋ ಬೇಡವೋ ಎಂಬುದು ಮಾರುವ ಅಥವಾ ಸಾಲ ಬದಲಿಸುವ ಅಗತ್ಯದ ಮೇಲೆ ನಿಂತಿದೆ. ಎರಡೂ ಲೆಕ್ಕವನ್ನು ಸರ್ವೇಯರ್ ಕೈಯಿಂದ ಬರೆಸಿಕೊಳ್ಳಿ.

ಧನಿಯೇ ಕರೆದು "ಕಾನೂನು ಯಾಕೆ, ನಾವು ನಾವೇ ಮುಗಿಸೋಣ" ಅಂದರೆ ಮಾತಿಗೆ ಮರುಳಾಗಬೇಡಿ. ಅಂಥ ಒಪ್ಪಂದದಲ್ಲಿ ಹಳೆ ಅವಧಿ ಮುಗಿಯುವ ತನಕ ನೆಲಬಾಡಿಗೆ ಉಳಿದುಕೊಳ್ಳಬಹುದು.

ಕೊಳ್ಳುವವರಿಗಂತೂ ಒಂದೇ ಮಾತು. ಅದೇ ಬೀದಿಯ ಬೇರೆ ಫ್ಲ್ಯಾಟಿಗಿಂತ ಇದು ಅಗ್ಗ ಯಾಕೆ ಅಂತ ಕೇಳಿ. ವರ್ಷ ಕಡಿಮೆ ಇದ್ದರೆ, ಲೀಸ್ ವಿಸ್ತರಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಇವತ್ತು ರಾತ್ರಿ ಮಗ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ ಬಿಡಿ: "ಲೀಸ್ ಎಷ್ಟು ವರ್ಷ ಬಾಕಿ ಇದೆ ಮೋನೆ?"