ಹಳೆಯ ಸ್ನೋಬ್ಲೋವರ್‌ಗೆ ಹೊಸ ಎಂಜಿನ್: ನಾಲ್ಕು ಬೋಲ್ಟ್ ಬಿಚ್ಚಿ ಹಾಕಿದರೆ ಸಾಕೇ?

ಅಮೆರಿಕ, ಕೆನಡಾಗಳಲ್ಲಿ ಚಳಿಗಾಲ ಶುರುವಾದರೆ ಮನೆ ಮುಂದಿನ ದಾರಿಯ ಹಿಮ ತೆಗೆಯುವುದೇ ದೊಡ್ಡ ಕೆಲಸ. ಅದಕ್ಕೆ ಬಳಸುವ ಯಂತ್ರ ಸ್ನೋಬ್ಲೋವರ್. 'ಹಳೆಯ ಸ್ನೋಬ್ಲೋವರ್ ಎಸೆಯಬೇಡಿ. ಅಗ್ಗದ ಎಂಜಿನ್ ತಂದು ನಾಲ್ಕು ಬೋಲ್ಟ್ ಬಿಗಿ ಮಾಡಿ, ಹೊಸದಕ್ಕಿಂತ ಚೆನ್ನಾಗಿ ಓಡುತ್ತದೆ' ಎನ್ನುವ ವಿಡಿಯೋಗಳು ಅಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಿಗೂ ಬರುತ್ತವೆ. ಇದರಲ್ಲಿ ನಿಜ ಎಷ್ಟು? ಒಂದೊಂದಾಗಿ ನೋಡೋಣ.

ನಂಬಿಕೆ 1: ಸ್ಟಾರ್ಟ್ ಆಗದಿದ್ದರೆ ಎಂಜಿನ್ ಹೋಯಿತು ಎಂದರ್ಥ

ಬಹಳಷ್ಟು ಸಲ ಅಲ್ಲ. ಕಳೆದ ಚಳಿಗಾಲದ ಪೆಟ್ರೋಲ್ ಟ್ಯಾಂಕಿನಲ್ಲೇ ಉಳಿದರೆ ಅದು ಹಳಸಿ ಅಂಟಾಗುತ್ತದೆ. ಕಾರ್ಬ್ಯುರೇಟರ್‌ನ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಅಲ್ಲಿನ ಪೆಟ್ರೋಲ್‌ನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಅದು ತೇವವನ್ನು ಹೀರಿಕೊಳ್ಳುವುದರಿಂದ ತೊಂದರೆ ಇನ್ನೂ ಹೆಚ್ಚು. ಹೊಸ ಪೆಟ್ರೋಲ್ ಹಾಕಿ, ಸ್ಪಾರ್ಕ್ ಪ್ಲಗ್ ಬದಲಿಸಿ, ಕಾರ್ಬ್ಯುರೇಟರ್ ಶುಚಿ ಮಾಡಿದರೆ ಎಷ್ಟೋ 'ಸತ್ತ' ಎಂಜಿನ್‌ಗಳು ಎದ್ದು ಕೂರುತ್ತವೆ. ಒಳಗಿನ ಕನೆಕ್ಟಿಂಗ್ ರಾಡ್ ಮುರಿದಿದ್ದರೆ ಅಥವಾ ಕಂಪ್ರೆಷನ್ ಪೂರ್ತಿ ಹೋಗಿದ್ದರೆ ಮಾತ್ರ ಎಂಜಿನ್ ಬದಲಿಸುವ ಮಾತು ಬರುತ್ತದೆ.

ನಂಬಿಕೆ 2: ಯಾವ ಎಂಜಿನ್ ಆದರೂ ಕೂರುತ್ತದೆ

ಎಡವುವುದು ಇಲ್ಲೇ. ಹಳೆಯ ಸ್ನೋಬ್ಲೋವರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಟೆಕುಮ್ಸೆ ಕಂಪನಿಯ ಎಂಜಿನ್. ಆ ಎಂಜಿನ್‌ಗಳ ತಯಾರಿಕೆ 2008ರ ಸುಮಾರಿಗೆ ನಿಂತುಹೋಯಿತು. ಹಾಗಾಗಿ ಬೇರೆ ಮಾದರಿಯನ್ನೇ ಹುಡುಕಬೇಕು. ಆಗ ಮೊದಲು ನೋಡಬೇಕಾದದ್ದು ಶಾಫ್ಟ್. ಅದರ ದಪ್ಪ ಮುಕ್ಕಾಲು ಇಂಚೋ, ಒಂದು ಇಂಚೋ? ಉದ್ದ ಎಷ್ಟು? ತಳದಿಂದ ಎಷ್ಟು ಎತ್ತರದಲ್ಲಿದೆ? ಇದರಲ್ಲಿ ಒಂದು ತಪ್ಪಿದರೂ ಪುಲ್ಲಿ ಕೂರುವುದಿಲ್ಲ, ಇಲ್ಲವೇ ಬೆಲ್ಟ್ ನೇರವಾಗಿ ಓಡುವುದಿಲ್ಲ.

ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಕೆಲವು ಹಳೆಯ ಎಂಜಿನ್‌ಗಳಿಂದ ಒಂದಲ್ಲ, ಎರಡು ಶಾಫ್ಟ್ ಹೊರಬರುತ್ತವೆ. ದೊಡ್ಡದು ಕ್ರ್ಯಾಂಕ್‌ಶಾಫ್ಟ್. ಅದು ಹಿಮ ಎಳೆಯುವ ಸುರುಳಿ ಬ್ಲೇಡನ್ನು ತಿರುಗಿಸುತ್ತದೆ. ಚಿಕ್ಕದು ಕ್ಯಾಮ್‌ಶಾಫ್ಟ್. ಅದು ಚಕ್ರಗಳನ್ನು ಓಡಿಸುತ್ತದೆ. ಕ್ಯಾಮ್‌ಶಾಫ್ಟ್ ತಿರುಗುವುದು ಅರ್ಧ ವೇಗದಲ್ಲಿ, ಅದೂ ವಿರುದ್ಧ ದಿಕ್ಕಿನಲ್ಲಿ. ಇಂಥ ಯಂತ್ರಕ್ಕೆ ಒಂದೇ ಶಾಫ್ಟಿನ ಹೊಸ ಎಂಜಿನ್ ಕೂರಿಸಿ, ಅದೇ ಅಳತೆಯ ಪುಲ್ಲಿಯಿಂದ ಚಕ್ರಕ್ಕೂ ಬೆಲ್ಟ್ ಕೊಟ್ಟರೆ ಏನಾಗುತ್ತದೆ? ಮುಂದಕ್ಕೆ ಹೋಗಬೇಕಾದ ಯಂತ್ರ ಎರಡು ಪಟ್ಟು ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಹಿಂದೆ ನಿಂತಿರುವುದು ನೀವೇ! ಆದ್ದರಿಂದ ನಿಮ್ಮ ಯಂತ್ರದಲ್ಲಿ ಎಷ್ಟು ಶಾಫ್ಟ್ ಇವೆ ಎಂದು ನೋಡದೆ ಎಂಜಿನ್ ಕೊಳ್ಳಬೇಡಿ.

ಚಳಿಗಾಲಕ್ಕೆಂದೇ ಮಾಡಿದ ಎಂಜಿನ್‌ಗೂ ಸಾಮಾನ್ಯ ಎಂಜಿನ್‌ಗೂ ವ್ಯತ್ಯಾಸವಿದೆ. ಸಾಮಾನ್ಯ ಎಂಜಿನ್‌ನ ಕಾಗದದ ಏರ್ ಫಿಲ್ಟರ್ ಹಿಮದಲ್ಲಿ ಒದ್ದೆಯಾಗಿ ಹೆಪ್ಪುಗಟ್ಟಬಹುದು. ಸ್ನೋಬ್ಲೋವರ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಈ ಫಿಲ್ಟರ್ ಇರುವುದಿಲ್ಲ, ಬದಲಿಗೆ ಕಾರ್ಬ್ಯುರೇಟರ್ ಬೆಚ್ಚಗಿರಲು ಹೊದಿಕೆ ಇರುತ್ತದೆ.

ನಂಬಿಕೆ 3: ಹಾರ್ಸ್‌ಪವರ್ ಹೆಚ್ಚಿದ್ದಷ್ಟೂ ಒಳ್ಳೆಯದು

ಹಳೆಯ ಎಂಜಿನ್ ಮೇಲಿನ '8 ಎಚ್‌ಪಿ' ಎಂಬ ಚೀಟಿಯನ್ನೇ ನಂಬಿ ಹೋಲಿಸುವುದು ಸರಿಯಲ್ಲ. ಅಮೆರಿಕದಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳ ಹಾರ್ಸ್‌ಪವರ್ ಅನ್ನು ಹೆಚ್ಚು ತೋರಿಸಿದ್ದಾರೆ ಎಂದು ಗ್ರಾಹಕರು ಕಂಪನಿಗಳ ಮೇಲೆ ದಾವೆ ಹೂಡಿದ್ದರು. 2010ರಲ್ಲಿ ಅದು 6.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಈಗ ಹಲವು ಎಂಜಿನ್‌ಗಳ ಮೇಲೆ ಎಚ್‌ಪಿ ಬದಲು ಸಿಸಿ ಅಥವಾ ಟಾರ್ಕ್ ಬರೆದಿರುತ್ತದೆ. ಹೋಲಿಸುವುದಾದರೆ ಅವನ್ನೇ ಹೋಲಿಸಿ.

ಎಂಜಿನ್ ಮಾತ್ರ ದೊಡ್ಡದಾದರೆ ಬೆಲ್ಟ್, ಗೇರ್‌ಬಾಕ್ಸ್‌ಗಳ ಮೇಲೆ ಹೊರೆ ಬೀಳುತ್ತದೆ. ಕಲ್ಲೋ ಮಂಜುಗಡ್ಡೆಯೋ ಸಿಕ್ಕಾಗ ಗೇರ್‌ಬಾಕ್ಸ್ ಉಳಿಯಲೆಂದೇ ಶಿಯರ್ ಪಿನ್ ಎಂಬ ಮೆತ್ತನೆಯ ಬೋಲ್ಟ್ ಇಟ್ಟಿರುತ್ತಾರೆ. ಅದು ಪದೇ ಪದೇ ತುಂಡಾಗುತ್ತದೆಂದು ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಗೇರ್‌ಬಾಕ್ಸೇ ಒಡೆಯುತ್ತದೆ.

ನಂಬಿಕೆ 4: ಗ್ಯಾರೇಜ್ ಬಾಗಿಲು ತೆರೆದಿದ್ದರೆ ಒಳಗೇ ಓಡಿಸಿ ನೋಡಬಹುದು

ಇದು ಜೀವಕ್ಕೇ ಅಪಾಯ. ಎಂಜಿನ್ ಜೋಡಿಸಿದವರು ಹೊರಗೆ ಚಳಿಯೆಂದು ಗ್ಯಾರೇಜ್‌ನಲ್ಲೇ ಸ್ಟಾರ್ಟ್ ಮಾಡಿ ನೋಡಲು ಹೊರಡುತ್ತಾರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದಾಗ ಜನ ಜ್ವರ ಬರುತ್ತಿರಬೇಕು ಎಂದುಕೊಳ್ಳುತ್ತಾರೆ. ಬಾಗಿಲು ತೆರೆದಿದ್ದರೂ ಅನಿಲ ಒಳಗೆ ಸೇರಿಕೊಳ್ಳಬಹುದು, ಮನೆಯೊಳಕ್ಕೂ ನುಗ್ಗಬಹುದು. ಯಂತ್ರವನ್ನು ಬಯಲಿಗೆ ತಳ್ಳಿಕೊಂಡು ಹೋಗಿಯೇ ಸ್ಟಾರ್ಟ್ ಮಾಡಿ. ನಮ್ಮೂರಿನಲ್ಲಿ ಮುಚ್ಚಿದ ಕೋಣೆಯೊಳಗೆ ಜನರೇಟರ್ ಓಡಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಕೈ ಹಾಕುವ ಮುನ್ನ

ಹೊಸ ಎಂಜಿನ್ ಕೂರಿಸಿದ ಮೇಲೆ ಹ್ಯಾಂಡಲ್‌ನ ಲಿವರ್ ಬಿಟ್ಟ ಕೂಡಲೇ ಬ್ಲೇಡು ನಿಲ್ಲುತ್ತದೆಯೇ ನೋಡಿ. ಬೆಲ್ಟ್ ಅಳತೆ ತಪ್ಪಿದ್ದರೆ ಬ್ಲೇಡು ತಿರುಗುತ್ತಲೇ ಇರಬಹುದು. ಹಾಗಿದ್ದರೆ ಸರಿಪಡಿಸುವವರೆಗೆ ಬಳಸಬೇಡಿ.

ಹಿಮ ಸಿಕ್ಕಿಕೊಂಡಾಗ ಎಂಜಿನ್ ಆರಿಸಿದ್ದರೂ ಕೈ ಹಾಕಬೇಡಿ. ಬೆಲ್ಟಿನಲ್ಲಿ ಬಿಗಿತ ಉಳಿದಿರುತ್ತದೆ. ತಡೆ ಸರಿದ ಕ್ಷಣ ಬ್ಲೇಡು ಒಮ್ಮೆಲೇ ತಿರುಗಿ ಬೆರಳುಗಳನ್ನು ಕತ್ತರಿಸಬಹುದು. ಅಮೆರಿಕದ ಕೈ ಶಸ್ತ್ರಚಿಕಿತ್ಸಕರು ಈ ಬಗ್ಗೆ ಎಚ್ಚರಿಸುತ್ತಲೇ ಇರುತ್ತಾರೆ. ಎಂಜಿನ್ ಆರಿಸಿ, ಎಲ್ಲವೂ ನಿಲ್ಲುವವರೆಗೆ ಕಾದು, ಕೋಲಿನಿಂದ ಮಾತ್ರ ತೆಗೆಯಿರಿ.

ಒಟ್ಟಿನಲ್ಲಿ

ಹಳೆಯ ಸ್ನೋಬ್ಲೋವರ್‌ಗೆ ಹೊಸ ಎಂಜಿನ್ ಹಾಕಬಹುದು ಎನ್ನುವುದು ನಿಜ. ಗಟ್ಟಿಮುಟ್ಟಾದ ಕಬ್ಬಿಣದ ಯಂತ್ರವನ್ನು ಗುಜರಿಗೆ ಹಾಕುವುದಕ್ಕಿಂತ ಅದು ಒಳ್ಳೆಯದೇ. 'ನಾಲ್ಕು ಬೋಲ್ಟ್ ಸಾಕು' ಎನ್ನುವುದು ಮಾತ್ರ ಅರ್ಧ ಸತ್ಯ. ಅಂಥ ವಿಡಿಯೋ ನಿಮಗೂ ಬಂದಿದ್ದರೆ, ಮುಂದಕ್ಕೆ ಕಳಿಸುವಾಗ ಈ ಎರಡು ಮಾತನ್ನೂ ಸೇರಿಸಿ: ಶಾಫ್ಟ್ ಎಣಿಸಿ, ಬಯಲಿನಲ್ಲಿ ಸ್ಟಾರ್ಟ್ ಮಾಡಿ.